‘ದೇವರ ಚಿತ್ತ’ ಎನ್ನುವ ಹಕ್ಕು ಯಾರದು?

ಕಥೋಲಿಕರ ಸಾವಿನ ಮನೆಯಲ್ಲಿ ಜಪಸರ ಮುಗಿಯುವುದರೊಳಗೆ ನಾಲ್ಕಾರು ಬಾಯಿಂದ ಬಂದೇ ಬರುವ ಮಾತೊಂದಿದೆ: ‘ಎಲ್ಲಾ ದೇವರ ಚಿತ್ತ, ಸಮಾಧಾನ ಮಾಡ್ಕೊಳ್ಳಿ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿಗೆ ಆಧಾರವಾಗಿರುವ ತಿಳಿವಳಿಕೆಯನ್ನು ಒಪ್ಪುವುದು ಕಷ್ಟ. ನಡೆದದ್ದೆಲ್ಲ ದೇವರು ಬಯಸಿದ್ದೇ, ಪ್ರಶ್ನಿಸದೆ ತಲೆಬಾಗುವುದೇ ಭಕ್ತಿ, ಹಾಗೆ ಬಾಗಲು ಮನಸ್ಸನ್ನು ಪಳಗಿಸುವುದೇ ಪ್ರಾರ್ಥನೆ ಎನ್ನುವ ತಿಳಿವಳಿಕೆ ಅದು. ನೋಡಲು ಗಟ್ಟಿ ವಿಶ್ವಾಸದಂತಿದೆ. ಧರ್ಮಸಭೆಯ ಬೋಧನೆಯ ಮುಂದಿಟ್ಟರೆ ನಿಲ್ಲುವುದಿಲ್ಲ.

ದೇವರು ಬಯಸುವುದು ಬೇರೆ, ನಡೆಯಗೊಡುವುದು ಬೇರೆ ಎಂದು 13ನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸ್ ಬಿಡಿಸಿ ಹೇಳಿದ್ದರು. ಮನುಷ್ಯರೆಸಗುವ ಕೆಡುಕಿಗೆ ದೇವರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಾರಣರಲ್ಲ ಎಂಬುದನ್ನು ಪೋಪ್ ಎರಡನೆಯ ಜಾನ್ ಪಾಲ್ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವೂ ಸ್ಪಷ್ಟಪಡಿಸಿದೆ. ಇದು ಪಂಡಿತರ ಕೂದಲು ಸೀಳುವಿಕೆಯಲ್ಲ. ಲೈಫ್ ಜಾಕೆಟ್ ಕೊಡದೆ ಕಡಲಿಗಿಳಿಸಿದ ದೋಣಿ ಮಗುಚಿ ಯಾರೋ ಸತ್ತರೆ, ಅದನ್ನು ದೇವರ ಚಿತ್ತವೆಂದ ಗಳಿಗೆಯಲ್ಲಿ ದೋಣಿಯ ಮಾಲೀಕ ಪಾರಾಗುತ್ತಾನೆ. ಅವನ ಪಾಪ ದೇವರ ಲೆಕ್ಕಕ್ಕೆ ಜಮೆಯಾಗುತ್ತದೆ.

ಏನನ್ನೂ ಕೇಳದ, ಯಾವುದಕ್ಕೂ ಎದುರಾಡದ ಸಂಪೂರ್ಣ ಶರಣಾಗತಿಯೇ ಪ್ರಾರ್ಥನೆಯ ಶಿಖರ ಎಂಬ ವಾದವೂ ಹಳೆಯದು. 17ನೆಯ ಶತಮಾನದ ರೋಮಿನಲ್ಲಿ ಸ್ಪೇನ್ ಮೂಲದ ಗುರು ಮಿಗೆಲ್ ದೆ ಮೊಲಿನೋಸ್ ಇಂಥದ್ದನ್ನೇ ಬೋಧಿಸಿ ದೊಡ್ಡ ಅಭಿಮಾನಿ ವರ್ಗವನ್ನು ಸಂಪಾದಿಸಿದ್ದರು. ಆತ್ಮ ತಾನಾಗಿ ಏನನ್ನೂ ಮಾಡಕೂಡದು, ತನ್ನ ಮುಕ್ತಿಯ ಬಗ್ಗೆಯೂ ಚಿಂತಿಸಕೂಡದು ಎನ್ನುವಷ್ಟು ದೂರ ಆ ಬೋಧನೆ ಹೋಯಿತು. 1687ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್, ಮೊಲಿನೋಸರ 68 ಪ್ರತಿಪಾದನೆಗಳನ್ನು ಖಂಡಿಸಿದರು. ಪರಮ ಭಕ್ತಿಯೆಂದು ಇಂದು ನಾವು ಕೊಂಡಾಡುವ ನಿಷ್ಕ್ರಿಯತೆಯನ್ನು ಧರ್ಮಸಭೆ ಅಂದೇ ತಪ್ಪುದಾರಿ ಎಂದಿತ್ತು.

ಬೈಬಲ್ಲಿನಲ್ಲಂತೂ ದೇವರೊಡನೆ ಜಗಳಾಡುವವರಿಗೆ ಧಾರಾಳ ಜಾಗವಿದೆ. 150 ಕೀರ್ತನೆಗಳಲ್ಲಿ ಮೂರನೇ ಒಂದರಷ್ಟು ಗೋಳಿನವು, ದೂರಿನವು. ಯೋಬನ ಕಥೆಯನ್ನು ಸಹನೆಯ ಪಾಠವಾಗಿ ಹೇಳುವುದು ರೂಢಿ. ಆದರೆ ಆ ಗ್ರಂಥದ ನಡುಭಾಗದುದ್ದಕ್ಕೂ ಅವನು ಸಹಿಸುತ್ತಿಲ್ಲ, ದೇವರನ್ನೇ ಕಟಕಟೆಗೆ ಕರೆಯುತ್ತಿದ್ದಾನೆ. ಇದರಲ್ಲಿ ದೇವರ ನ್ಯಾಯವಿದೆ, ನಿನ್ನದೇ ತಪ್ಪಿರಬೇಕು ಎಂದು ದೇವರ ಪರ ವಕಾಲತ್ತು ವಹಿಸಿದವರು ಅವನ ಗೆಳೆಯರು. ಕೊನೆಗೆ ದೇವರು ಸಿಟ್ಟಾಗುವುದು ಅವರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂಬುದು ತೀರ್ಪು. ಸಾಂತ್ವನ ಹೇಳಲು ಹೊರಡುವ ನಮ್ಮೆಲ್ಲರಿಗೂ ಆ ತೀರ್ಪು ಅನ್ವಯಿಸುತ್ತದೆ.

ಹಾಗಾದರೆ ‘ದೇವರ ಚಿತ್ತ’ ಎಂದುಕೊಂಡೇ ವಿಧವೆತನವನ್ನೂ ಸಾಲವನ್ನೂ ದಾಟಿ ಮಕ್ಕಳನ್ನು ದಡ ಸೇರಿಸಿದ ಅಜ್ಜಿಯಂದಿರ ಬಾಳು ಸುಳ್ಳೇ? ಖಂಡಿತ ಅಲ್ಲ. ಆದರೆ ಅವರು ಆ ಮಾತನ್ನು ಹೇಳಿಕೊಂಡದ್ದು ತಮ್ಮ ನೋವಿನ ಬಗ್ಗೆ, ಹೇಳಿಕೊಂಡು ಕೈಕಟ್ಟಿ ಕೂತವರೂ ಅಲ್ಲ. ವ್ಯತ್ಯಾಸವಿರುವುದು ಇಲ್ಲೇ. ಗೆತ್ಸೆಮನೆಯ ತೋಟದಲ್ಲಿ ಯೇಸು ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡದ್ದು ತಮ್ಮನ್ನು, ಅದೂ ಬಂದದ್ದು ತಪ್ಪಿಹೋಗಲೆಂದು ಮತ್ತೆ ಮತ್ತೆ ಬೇಡಿಕೊಂಡ ಬಳಿಕ. ಕುರುಡನೋ ಕುಷ್ಠರೋಗಿಯೋ ಎದುರು ನಿಂತಾಗ ‘ಇದು ನಿನ್ನ ಪಾಲಿಗೆ ಬಂದದ್ದು, ಸಹಿಸಿಕೋ’ ಎಂದು ಅವರು ಕಳಿಸಿದ್ದಿಲ್ಲ; ವಾಸಿಮಾಡಿದರು. ಮರಿಯಮ್ಮನವರೂ ಹಾಗೆಯೇ. ದೇವದೂತನ ಮುಂದೆ ತಮ್ಮನ್ನು ಒಪ್ಪಿಸಿಕೊಂಡ ಅದೇ ತಾಯಿ, ಕಾನಾ ಊರಿನ ಮದುವೆಯಲ್ಲಿ ಪರರ ಮನೆಯ ದ್ರಾಕ್ಷಾರಸ ಮುಗಿದಾಗ ಸುಮ್ಮನಿರದೆ ಮಗನಿಗೆ ದುಂಬಾಲು ಬಿದ್ದರು. ತನ್ನ ಪಾಲಿನ ಕಷ್ಟಕ್ಕೆ ಶರಣಾಗತಿ, ಪರರ ಕಷ್ಟಕ್ಕೆ ತಳಮಳ: ಸುವಾರ್ತೆ ಕಲಿಸುವ ಕ್ರಮ ಇದು. ನಾವು ಅದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

ದಿನನಿತ್ಯದ ಪ್ರಾರ್ಥನೆಯನ್ನೂ ಈ ಕ್ರಮದಲ್ಲೇ ಅಳೆಯಬೇಕು. 1691ರಲ್ಲಿ ತೀರಿಕೊಂಡ, ಪ್ಯಾರಿಸ್ಸಿನ ಕಾರ್ಮೆಲ್ ಮಠದ ಬ್ರದರ್ ಲಾರೆನ್ಸ್ ತಮಗೆ ಒಗ್ಗದ ಅಡುಗೆಮನೆಯ ಕೆಲಸದಲ್ಲೇ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿದರು. ಪ್ರಾರ್ಥನೆಯ ನೆಪದಲ್ಲಿ ಪಾತ್ರೆ ಬಿಟ್ಟೆದ್ದು ಹೋಗಲಿಲ್ಲ. ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ದಿನವನ್ನು ಹಿಂದಿರುಗಿ ನೋಡಿ, ದೇವರು ಎತ್ತ ಕರೆದರು, ನಾನು ಎಲ್ಲಿ ಜಾರಿದೆ ಎಂದು ಕೇಳಿಕೊಳ್ಳುವ ಕಸರತ್ತು. ದೇವರ ಚಿತ್ತ ಅಲ್ಲಿ ಹುಡುಕಿ ತಿಳಿಯಬೇಕಾದದ್ದು, ಆದದ್ದಕ್ಕೆ ಆಮೇಲೆ ಅಂಟಿಸುವ ಚೀಟಿಯಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಆರಂಭಿಸಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಕುಷ್ಠವನ್ನು ದೈವಶಾಪವೆಂದು ಲೋಕ ದೂರವಿಟ್ಟಿದ್ದ ಕಾಲ ಅದು. ರೋಗವೇ ದೇವರ ಚಿತ್ತವೆಂದು ಅವರೂ ಬಗೆದಿದ್ದರೆ ಔಷಧಿ ಕೊಡುವುದೇ ದೈವದ್ರೋಹವಾಗುತ್ತಿತ್ತು.

ಆದ್ದರಿಂದ ದೇವರ ಚಿತ್ತದಲ್ಲಿ ನಂಬಿಕೆ ಇದೆ ಎನ್ನುವವರನ್ನು ಒಂದೇ ಪ್ರಶ್ನೆ ಕೇಳಬೇಕು: ಆ ನಂಬಿಕೆಯಿಂದ ನಿಮ್ಮ ಹೊಣೆ ಹೆಚ್ಚಿತೋ ಇಳಿಯಿತೋ? ಇಳಿದಿದ್ದರೆ ಅದು ಸೋಮಾರಿತನಕ್ಕೆ ಹಾಕಿದ ಜಪಸರ. ಸಾವಿನ ಮನೆಗೆ ಹೋದವರು ಜಪ ಮಾಡಲಿ, ಗಂಜಿ ಕಾಯಿಸಲಿ, ಆಸ್ಪತ್ರೆಯ ಬಿಲ್ಲಿಗೆ ಕೈಜೋಡಿಸಲಿ, ತಪ್ಪು ಯಾರದೆಂದು ಕೇಳಬೇಕಾದಲ್ಲಿ ಕೇಳಲಿ. ‘ದೇವರ ಚಿತ್ತ’ ಎಂಬ ಮಾತನ್ನು ಮಾತ್ರ ನೊಂದವರಿಗೇ ಬಿಟ್ಟುಕೊಡಲಿ. ಅವರು ಎಂದೋ ಒಂದು ದಿನ ಹೇಳಿಯಾರು, ಹೇಳದೆಯೂ ಇದ್ದಾರು, ಎರಡೂ ಪ್ರಾರ್ಥನೆಯೇ.