‘ಇಲ್ಲ’ ಎಂಬ ನೆನಪಿನ ಆಯಸ್ಸು

ಕರ್ನಲ್ ಕೋಡನ್ನು ರುಚಿಗಾಗಿ ಓದುವವರು ಸಾಮಾನ್ಯವಾಗಿ ಶೆಡ್ಯೂಲರ್‌ನಿಂದಲೋ ಮೆಮೊರಿ ನಿರ್ವಹಣೆಯಿಂದಲೋ ಶುರುಮಾಡುತ್ತಾರೆ. ಹೆಸರಾದ ಜಾಗಗಳು ಅವು. ನನ್ನನ್ನು ಕೇಳಿದರೆ, ಲಿನಕ್ಸ್ ಸೋರ್ಸಿನ ಎಫ್‌ಎಸ್ ಫೋಲ್ಡರಿಗೆ ಹೋಗಿ, ಅಲ್ಲಿನ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಫೋಲ್ಡರಿನಲ್ಲಿ ಡಿಐಆರ್ ಡಾಟ್ ಸಿ ತೆರೆಯಿರಿ ಎನ್ನುತ್ತೇನೆ. ದೂರದ ಸರ್ವರಿನಲ್ಲಿರುವ ಡೈರೆಕ್ಟರಿಯ ಬಗ್ಗೆ ತನಗಿರುವ ನೆನಪನ್ನು ಈ ಯಂತ್ರ ಎಷ್ಟು ಹೊತ್ತು ನಂಬಬಹುದು? ಆ ಫೈಲಿನ ತುಂಬ ಇರುವುದು ಇದೊಂದೇ ಪ್ರಶ್ನೆ.

ಫೈಲಿನ ಹಾದಿ ಕೊಟ್ಟರೆ ಕರ್ನಲ್ ಅದನ್ನು ಒಂದೊಂದೇ ಹೆಸರಾಗಿ ಬಿಡಿಸಿಕೊಂಡು ಮುಂದೆ ಸಾಗುತ್ತದೆ. ಹಾದಿಯಲ್ಲಿ ಕಂಡ ಪ್ರತಿ ಹೆಸರಿಗೂ ಡೆಂಟ್ರಿ ಎಂಬ ಸಣ್ಣ ದಾಖಲೆಯೊಂದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಹೆಸರು ಬಂದರೆ ಡಿಸ್ಕಿನ ಹತ್ತಿರ ಸುಳಿಯುವುದೇ ಇಲ್ಲ. ಈ ಸಂಗ್ರಹದಲ್ಲಿ ಇರುವ ಫೈಲುಗಳಿಗಷ್ಟೇ ಅಲ್ಲ, ಇಲ್ಲದ ಫೈಲುಗಳಿಗೂ ಜಾಗವುಂಟು. ಹುಡುಕಿ ಸಿಗದ ಹೆಸರನ್ನೂ ಕರ್ನಲ್ ಬರೆದಿಟ್ಟುಕೊಳ್ಳುತ್ತದೆ. ಅದು ನೆಗೆಟಿವ್ ಡೆಂಟ್ರಿ.

ಇಲ್ಲದ್ದನ್ನು ನೆನಪಿಡುವುದರಿಂದ ಏನು ಲಾಭ ಎನ್ನುವವರು ಯಾವುದಾದರೂ ಪೈಥಾನ್ ಪ್ರೋಗ್ರಾಮನ್ನು, ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿ ಓಡಿಸಿ ನೋಡಲಿ. ಒಂದು ಮಾಡ್ಯೂಲ್ ಸಿಗುವ ಮೊದಲು ಅದು ಎಷ್ಟು ಕಡೆ ತಡಕಾಡಿ ‘ಅಂಥ ಫೈಲಿಲ್ಲ’ ಎಂಬ ಉತ್ತರ ಪಡೆಯುತ್ತದೆ ಎಂಬುದು ಪರದೆಯ ಮೇಲೆ ಸಾಲುಸಾಲಾಗಿ ಇಳಿಯುತ್ತದೆ. ಅಷ್ಟೂ ಪ್ರಶ್ನೆಗಳು ಪ್ರತಿಸಲವೂ ನೆಟ್‌ವರ್ಕ್ ದಾಟಿ ಹೋಗಿಬಂದರೆ ಪ್ರೋಗ್ರಾಮು ಶುರುವಾಗುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ.

ಸ್ವಂತ ಡಿಸ್ಕಿನ ವಿಷಯದಲ್ಲಿ ಈ ನೆನಪು ನಿಶ್ಚಿಂತೆಯದು. ಫೈಲು ಹುಟ್ಟುವುದೂ ಅಳಿಯುವುದೂ ಇದೇ ಕರ್ನಲ್‌ನ ಕೈಯಿಂದ, ಅದಕ್ಕೆ ಗೊತ್ತಾಗದೆ ಏನೂ ನಡೆಯುವುದಿಲ್ಲ. ನೆಟ್‌ವರ್ಕ್ ಫೈಲ್ ಸಿಸ್ಟಮ್ಮಿನಲ್ಲಿ ಹಾಗಲ್ಲ. ಇನ್ನೊಂದು ಯಂತ್ರ ಆ ಹೆಸರಿನಲ್ಲಿ ಈಗಷ್ಟೇ ಫೈಲೊಂದನ್ನು ಸೃಷ್ಟಿಸಿರಬಹುದು, ನಮಗೆ ಹೇಳುವವರಿಲ್ಲ. ಇರುವ ಫೈಲಿನ ಹಳೆಯ ನೆನಪು ತಪ್ಪಾಗಿದ್ದರೆ, ಅದನ್ನು ಬಳಸಲು ಹೋದಾಗ ಸರ್ವರ್ ‘ಸ್ಟೇಲ್’ ಎಂದು ಗದರಿ ಎಚ್ಚರಿಸಬಹುದು. ಇಲ್ಲದ ಫೈಲಿನ ನೆನಪಿಗೆ ಆ ಅವಕಾಶವೂ ಇಲ್ಲ. ಉತ್ತರ ಇಲ್ಲೇ ಸಿಕ್ಕಿಬಿಡುವುದರಿಂದ ಸರ್ವರ್‌ವರೆಗೆ ಮಾತೇ ಹೋಗುವುದಿಲ್ಲ. ನೆಟ್‌ವರ್ಕ್ ಕ್ಯಾಶ್ ಒಂದರ ಗುಣ ತಿಳಿಯಬೇಕಾದರೆ ಅದು ‘ಇಲ್ಲ’ವನ್ನು ಹೇಗೆ ಕಾಪಾಡುತ್ತದೆ ಎಂದು ನೋಡಬೇಕು ಎಂಬುದು ನನ್ನ ಅಳತೆಗೋಲು.

ಎನ್‌ಎಫ್‌ಎಸ್ ಹಿಡಿದ ದಾರಿ ಹೀಗಿದೆ. ಡೆಂಟ್ರಿ ಹುಟ್ಟಿದಾಗ ಅದರ ಡೈರೆಕ್ಟರಿ ಯಾವ ಸ್ಥಿತಿಯಲ್ಲಿತ್ತು ಎಂಬ ಗುರುತೊಂದನ್ನು ಅದಕ್ಕೆ ಕಟ್ಟಿಬಿಡುತ್ತದೆ. ಮುಂದೆ ಆ ಹೆಸರು ಕೇಳಿಬಂದಾಗ ಡೈರೆಕ್ಟರಿಯ ಈಗಿನ ಗುರುತಿನೊಡನೆ ತಾಳೆ ನೋಡುತ್ತದೆ. ಹೊಂದಿದರೆ ನೆನಪು ನಿಜ, ಇಲ್ಲವಾದರೆ ಸರ್ವರನ್ನು ಹೊಸದಾಗಿ ಕೇಳುತ್ತದೆ. ತೊಡಕಿರುವುದು ‘ಈಗಿನ’ ಎಂಬಲ್ಲಿ. ಡೈರೆಕ್ಟರಿಯ ಗುರುತೂ ಕ್ಯಾಶಿನಲ್ಲೇ ಇರುವಂಥದ್ದು. ಮಾಮೂಲಿ ಸೆಟ್ಟಿಂಗಿನಲ್ಲಿ ಅದರ ಆಯಸ್ಸು 30 ಸೆಕೆಂಡಿನಿಂದ 60 ಸೆಕೆಂಡಿನವರೆಗೆ. ಬದಲಾವಣೆ ಕಾಣದಿದ್ದರೆ ಅವಧಿ ಬೆಳೆಯುತ್ತ ಹೋಗುತ್ತದೆ. ಒಂದು ಯಂತ್ರ ಲೆಕ್ಕ ಮುಗಿಸಿ ಫಲಿತಾಂಶದ ಫೈಲು ಬರೆದಿಟ್ಟರೂ, ಅದಕ್ಕಾಗಿ ಕಾಯುತ್ತಿರುವ ಪಕ್ಕದ ಯಂತ್ರ ಅರ್ಧ ನಿಮಿಷ ‘ಇನ್ನೂ ಬಂದಿಲ್ಲ’ ಎನ್ನುತ್ತ ಕೂರುವುದು ಇದರಿಂದಲೇ.

ಇದೇ ಫೈಲಿನಲ್ಲಿ ನನಗೆ ತುಂಬ ಇಷ್ಟದ ಸಣ್ಣ ಪರೀಕ್ಷೆಯೊಂದಿದೆ. ನೆಗೆಟಿವ್ ಡೆಂಟ್ರಿಯನ್ನು ಮರುಪರಿಶೀಲಿಸಬೇಕೇ ಎಂದು ತೀರ್ಮಾನಿಸುವ ಫಂಕ್ಷನ್, ಬಂದವನು ಆ ಹೆಸರಿನಲ್ಲಿ ಹೊಸ ಫೈಲು ಸೃಷ್ಟಿಸಲು ಬಂದಿದ್ದಾನೆಯೇ ಎಂದು ಮೊದಲು ನೋಡುತ್ತದೆ. ಹೌದಾದರೆ ಪರಿಶೀಲನೆಯೇ ಬೇಡ ಎನ್ನುತ್ತದೆ. ಸೃಷ್ಟಿಯ ಕೋರಿಕೆ ಹೇಗೂ ಸರ್ವರಿಗೆ ಹೋಗಲಿದೆ, ಹೆಸರು ಇದೆಯೋ ಇಲ್ಲವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಹಾಗಿರುವಾಗ ಮೊದಲೇ ಒಮ್ಮೆ ಕೇಳುವುದು ದಂಡ. ಒಂದು ಕಂಡಿಷನ್, ಉಳಿತಾಯ ಒಂದು ಪೂರ್ತಿ ಸುತ್ತು.

ಗುರುತು ಯಾವುದಿರಬೇಕು ಎಂಬುದಕ್ಕೂ ಕಥೆಯಿದೆ. 1995ರ ಎನ್‌ಎಫ್‌ಎಸ್ ಮೂರನೆಯ ಆವೃತ್ತಿಯಲ್ಲಿ ಡೈರೆಕ್ಟರಿ ಬದಲಾದ ಸಮಯವೇ ಗುರುತು. ಸರ್ವರಿನ ಡಿಸ್ಕಿನಲ್ಲಿ ಇಎಕ್ಸ್‌ಟಿ3 ಫೈಲ್ ಸಿಸ್ಟಮ್ ಇದ್ದರೆ ಆ ಸಮಯ ಸೆಕೆಂಡಿನ ಲೆಕ್ಕದಲ್ಲಿ ಮಾತ್ರ. ಒಂದೇ ಸೆಕೆಂಡಿನೊಳಗೆ ಆದ ಎರಡು ಬದಲಾವಣೆಗಳಲ್ಲಿ ಎರಡನೆಯದು ಕಣ್ಣಿಗೆ ಬೀಳುತ್ತಿರಲಿಲ್ಲ. ನಾಲ್ಕನೆಯ ಆವೃತ್ತಿ ಗಡಿಯಾರವನ್ನು ಬಿಟ್ಟು, ಪ್ರತಿ ಬದಲಾವಣೆಗೂ ಬೇರೆಯಾಗುವ ‘ಚೇಂಜ್’ ಸಂಖ್ಯೆಗೆ ಬಂತು. ಸಮಯವನ್ನೇ ನೆಚ್ಚಬೇಕಾದ ಕಡೆ ಕೂಡ ಹಿಡಿತ ಬಿಗಿಯಾಗಲಿ ಎಂದು ಲಿನಕ್ಸ್ 6.13ರಲ್ಲಿ, ಯಾರಾದರೂ ನೋಡಿಹೋದ ಫೈಲಿಗೆ ಮಾತ್ರ ಸೂಕ್ಷ್ಮ ಸಮಯ ಕೊಡುವ ಏರ್ಪಾಡು ಸೇರಿತು.

ಸರ್ವರೇ ಮಾತು ಕೊಡುವ ಪಂಥ ಬೇರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡ್ರ್ಯೂ ಫೈಲ್ ಸಿಸ್ಟಮ್ಮಿನ ಮೊದಲ ರೂಪದಲ್ಲಿ, ‘ನನ್ನ ಪ್ರತಿ ಇನ್ನೂ ಸರಿಯಿದೆಯೇ’ ಎಂಬ ಕರೆಗಳೇ ಸರ್ವರಿನ ಮೇಲೆ ಮುಗಿಬೀಳುತ್ತಿದ್ದವು. ಮಹದೇವ್ ಸತ್ಯನಾರಾಯಣನ್ ಮತ್ತು ಸಂಗಡಿಗರು 1988ರ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿ, ಕಾಲ್‌ಬ್ಯಾಕ್ ಎಂಬ ಮದ್ದನ್ನು ವಿವರಿಸಿದರು: ಬದಲಾದರೆ ನಾನೇ ಹೇಳುತ್ತೇನೆ, ಅಲ್ಲಿಯತನಕ ಸುಮ್ಮನಿರು. ವಿಂಡೋಸ್ ಸರ್ವರ್ 2012ರ ಜೊತೆ ಬಂದ ಫೈಲ್ ಹಂಚಿಕೆಯ ಪ್ರೋಟೊಕಾಲ್ ಎಸ್‌ಎಂಬಿ 3.0ದ ಡೈರೆಕ್ಟರಿ ಲೀಸ್ ಇದೇ ವಂಶದ್ದು. ಲಿನಕ್ಸಿನಲ್ಲಿ ಎಸ್‌ಎಂಬಿ ಮಾತಾಡುವ ಸಿಐಎಫ್‌ಎಸ್ ಮಾಡ್ಯೂಲ್ ಆ ಲೀಸನ್ನು ಬಳಸುವ ರೀತಿ ಮಾತ್ರ ಗಮನಿಸುವಂಥದ್ದು. ಸರ್ವರ್ ಲೀಸ್ ಕೊಟ್ಟಿದ್ದರೂ ಅದು ಡೈರೆಕ್ಟರಿಯ ಕ್ಯಾಶನ್ನು ಮಾಮೂಲಿಯಾಗಿ 30 ಸೆಕೆಂಡಿಗೆ ಬಿಟ್ಟುಕೊಡುತ್ತದೆ. ಮಾತನ್ನು ನಂಬುತ್ತದೆ, ಗಡಿಯಾರವನ್ನೂ ನೋಡುತ್ತದೆ.

ಮಾತು ಕೊಡುವ ಪದ್ಧತಿ ಚೆಂದವೇ. ಆದರೆ ಯಾರ್ಯಾರಿಗೆ ಏನು ಹೇಳಿದ್ದೇನೆಂದು ಸರ್ವರ್ ಲೆಕ್ಕವಿಡಬೇಕು, ನಡುವೆ ಸಂಪರ್ಕ ಕಡಿದರೆ ಆ ಮಾತಿನ ಗತಿಯೇನೆಂದು ಇಬ್ಬರೂ ಯೋಚಿಸಬೇಕು. ನನ್ನ ಒಲವು ಎನ್‌ಎಫ್‌ಎಸ್‌ನ ಕಡೆಗೇ. ತನ್ನ ‘ಇಲ್ಲ’ ಎಷ್ಟು ಸೆಕೆಂಡು ಸುಳ್ಳಾಗಿರಬಹುದು ಎಂಬುದನ್ನು ಅದು ಮ್ಯಾನ್ಯುಯಲ್ಲಿನಲ್ಲೇ ಬರೆದು, ಕಡಿವಾಣವನ್ನು ನಮ್ಮ ಕೈಗೆ ಕೊಟ್ಟಿದೆ. ಫೈಲು ಕಾಣದೆ ಕಂಗೆಟ್ಟವರು ಸ್ಕ್ರಿಪ್ಟಿಗೆ ‘ಸ್ಲೀಪ್’ ತುರುಕುತ್ತಾರೆ, ಇಲ್ಲವೇ ಕ್ಯಾಶನ್ನೇ ಪೂರ್ತಿ ಬಂದ್ ಮಾಡಿ ಸರ್ವರಿನ ಮೇಲೆ ಹೊರೆ ಹೇರುತ್ತಾರೆ. ಎರಡೂ ಬೇಡ. ಮೌಂಟ್ ಮಾಡುವಾಗ ‘ಲುಕಪ್‌ಕ್ಯಾಶ್’ ಆಯ್ಕೆಗೆ ‘ಪಾಸಿಟಿವ್’ ಎಂದು ಕೊಡಿ. ‘ಇದೆ’ ಎಂಬ ನೆನಪುಗಳು ಹಾಗೇ ಉಳಿಯುತ್ತವೆ, ‘ಇಲ್ಲ’ ಎನ್ನುವ ಮೊದಲು ಮಾತ್ರ ಪ್ರತಿಸಲವೂ ಸರ್ವರನ್ನು ಕೇಳಲಾಗುತ್ತದೆ. ಪೈಥಾನ್ ಮಾಡ್ಯೂಲುಗಳಿರುವ ಮೌಂಟಿಗೆ ಇದನ್ನು ಹಚ್ಚಬೇಡಿ, ಯಂತ್ರಗಳು ಪರಸ್ಪರ ಫೈಲಿಗಾಗಿ ಕಾಯುವ ಮೌಂಟಿಗಷ್ಟೇ ಸಾಕು.