ಕೇಳಿ ನುಡಿಸುವ ಪಿಯಾನೊ

ಸ್ವರಲಿಪಿಯ ಹಂಗಿಲ್ಲದೆ, ಕೇಳಿದ ಹಾಡನ್ನು ಕೇಳಿದ ಹಾಗೆ ಪಿಯಾನೊದ ಮೇಲೆ ನುಡಿಸಬೇಕೆಂಬ ಆಸೆ ನಡುವಯಸ್ಸಿನ ಅನೇಕರಲ್ಲಿರುತ್ತದೆ. ವಿದ್ಯುತ್ ಕೀಬೋರ್ಡು ಬಂದ ಮೇಲೆ ಈ ಆಸೆಗೆ ದೊಡ್ಡ ಮನೆಯೂ ಬೇಡ, ದೊಡ್ಡ ಸಂಬಳವೂ ಬೇಡ. ಹೆಡ್‌ಫೋನ್ ಹಾಕಿಕೊಂಡರೆ ನೆರೆಯವರ ನಿದ್ದೆಗೂ ಭಂಗವಿಲ್ಲ. ಇದು ಸಂತೋಷದ ಸಂಗತಿಯೇ. ಆದರೆ ಕೇಳಿ ಕಲಿಸುತ್ತೇವೆಂಬ ಹೆಸರಿನಲ್ಲಿ ನೋಡಿ ಕಲಿಸುವ ಪದ್ಧತಿಯೊಂದು ಹಬ್ಬಿದೆ. ಅದರ ಗುಣದೋಷಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಪದ್ಧತಿಯಲ್ಲಿ ಪರದೆಯ ಮೇಲಿನಿಂದ ಬಣ್ಣದ ಪಟ್ಟಿಗಳು ಇಳಿದು ಬರುತ್ತವೆ. ಪಟ್ಟಿ ಯಾವ ಮನೆಯ ಮೇಲೆ ಬಿದ್ದಿತೋ ಆ ಮನೆಯನ್ನು ಒತ್ತಿದರಾಯಿತು. ಕೆಲವು ದಿನಗಳಲ್ಲಿ ಒಂದು ಹಾಡು ಕೈಗೆ ಬರುತ್ತದೆ. ಹೊಸಬರಿಗೆ ಹುಮ್ಮಸ್ಸು ಬರುವುದೂ ನಿಜ. ಇಷ್ಟು ಗುಣವನ್ನು ಒಪ್ಪಲೇಬೇಕು. ಆದರೆ ಅದೇ ಹಾಡನ್ನು ಎರಡು ಮನೆ ಮೇಲಿನ ಶ್ರುತಿಯಲ್ಲಿ ಯಾರಾದರೂ ಹಾಡತೊಡಗಿದರೆ ಕಲಿತವರ ಕೈ ಅಲ್ಲಿಗೇ ನಿಲ್ಲುತ್ತದೆ. ಕಡತವನ್ನು ಓದದೆ ಬರಿಯ ನಕಲು ತೆಗೆದವನನ್ನು ಅದರ ಸಾರಾಂಶ ಕೇಳಿದಂತಾಗುತ್ತದೆ.

ಹಾಗಾದರೆ ಏನನ್ನು ಕೇಳಬೇಕು? ಬೀಟಲ್ಸ್ ತಂಡದವರ ‘ಲೆಟ್ ಇಟ್ ಬಿ’ಯನ್ನೇ ತೆಗೆದುಕೊಳ್ಳೋಣ. ೧೯೭೦ರ ಮಾರ್ಚ್‌ನಲ್ಲಿ ಹೊರಬಂದ ಈ ಹಾಡಿಗೆ ಪಿಯಾನೊ ನುಡಿಸಿದವರು ಪಾಲ್ ಮೆಕಾರ್ಟ್ನಿ. ಸಿ ಮನೆಯನ್ನು ಷಡ್ಜವೆಂದು ಹಿಡಿದರೆ ಇದರ ಸ್ವರಗಳು ಬಹುಮಟ್ಟಿಗೆ ನಮ್ಮ ಶಂಕರಾಭರಣದವು. ಹಾಡಿನ ಕೆಳಗಿನ ಆಧಾರವೆಲ್ಲ ನಾಲ್ಕು ಸ್ವರಗುಚ್ಛಗಳ ಮೇಲೆ ನಿಂತಿದೆ: ಸ-ಗ-ಪ, ಪ-ನಿ-ರಿ, ದ-ಸ-ಗ, ಮ-ದ-ಸ. ಪಾಶ್ಚಾತ್ಯರು ಇವನ್ನು ಸಿ, ಜಿ, ಎ ಮೈನರ್, ಎಫ್ ಎಂದು ಕರೆಯುತ್ತಾರೆ. ಬಲಗೈ ಈ ಗುಚ್ಛಗಳನ್ನು ಲಯಕ್ಕೆ ಒತ್ತುತ್ತದೆ, ಎಡಗೈ ಮಂದ್ರದಲ್ಲಿ ಒಂದೊಂದೇ ಸ್ವರವನ್ನು ಹಿಡಿಯುತ್ತದೆ. ಸಾಲಿನ ಕೊನೆಯಲ್ಲಿ ಆ ಮಂದ್ರಸ್ವರ ಮ-ಗ-ರಿ-ಸ ಎಂದು ಮೆಟ್ಟಿಲಿಳಿಯುತ್ತದೆ. ಹಾಡು ನಿಂತು ವಾದ್ಯಗಳೇ ಮಾತನಾಡುವ ಕಡೆ ಈ ಇಳಿತ ಷಡ್ಜದಲ್ಲಿ ನಿಲ್ಲದೆ ಇನ್ನೂ ಕೆಳಗಿನ ನಿ-ದ-ಪ-ಮಗಳಿಗೆ ಹೋಗುತ್ತದೆ. ಅಲ್ಲಿ ಬರುವ ನಿಷಾದ ಕಾಕಲಿಯಲ್ಲ, ಕೈಶಿಕಿ.

ಈ ನಿಷಾದವನ್ನು ನಮ್ಮವರ ಕಿವಿ ಥಟ್ಟನೆ ಹಿಡಿಯುತ್ತದೆ. ಬಾಲ್ಯದಲ್ಲಿ ಸರಳೆವರಸೆ ಹಾಡಿದವರಿಗೆ, ಹಾಡದಿದ್ದರೂ ಮನೆಯಲ್ಲಿ ರೇಡಿಯೋ ಕಛೇರಿ ಕೇಳಿದವರಿಗೆ, ಷಡ್ಜ ಎಲ್ಲಿಗೆ ಸರಿದರೂ ಉಳಿದ ಸ್ವರಗಳು ಅದರೊಡನೆ ಸರಿಯುತ್ತವೆಂಬುದು ಸಹಜವಾಗಿಯೇ ತಿಳಿದಿರುತ್ತದೆ. ಕೇಳಿ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಬೇಕಿಲ್ಲ.

ತೊಡಕಿರುವುದು ಬೇರೆ ಕಡೆ. ನಾವು ಧಾಟಿಯನ್ನು ಕೇಳುತ್ತೇವೆ, ಧಾಟಿಯ ಕೆಳಗೆ ನಡೆಯುವುದನ್ನು ಕೇಳುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ವಾದ್ಯಮೇಳದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಆ ಧಾಟಿಗಳು ನಮ್ಮಲ್ಲಿ ಉಳಿದವು. ಅವುಗಳೊಡನೆ ಇದ್ದ ಸ್ವರಮೇಳ ಉಳಿಯಲಿಲ್ಲ. ನಮ್ಮ ಸಂಗೀತಕ್ಕೆ ಅದು ಬೇಕಾಗಿರಲಿಲ್ಲ, ತಂಬೂರಿ ಸಾಕಾಗಿತ್ತು. ಆದರೆ ಪಿಯಾನೊದಲ್ಲಿ ಧಾಟಿಯನ್ನಷ್ಟೇ ಒಂದು ಬೆರಳಿನಿಂದ ನುಡಿಸಿದರೆ ಹಾರ್ಮೋನಿಯಂ ನುಡಿಸಿದಂತಾಗುತ್ತದೆಯೇ ಹೊರತು ಪಿಯಾನೊ ಆಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಪಿಯಾನೊದಲ್ಲಿ ಸ್ಥಾಯಿಯನ್ನು ೧೨ ಸಮಪಾಲು ಮಾಡಿರುತ್ತಾರೆ. ಷಡ್ಜಕ್ಕೆ ೧.೫ರ ಪ್ರಮಾಣದಲ್ಲಿರಬೇಕಾದ ಪಂಚಮ ೧.೪೯೮ ಆಗುತ್ತದೆ; ಇದು ಕಿವಿಗೆ ತಿಳಿಯುವುದೇ ಕಷ್ಟ. ಗಾಂಧಾರ ಮಾತ್ರ ೧.೨೫ರ ಬದಲು ೧.೨೬ರಷ್ಟಾಗುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಅದು ತುಸು ಏರಿದಂತೆ ಕೇಳಿದರೆ ಕಿವಿಯ ದೋಷವಲ್ಲ, ವಾದ್ಯದ ಏರ್ಪಾಡೇ ಹಾಗೆ.

ವಯಸ್ಸಾದವರಿಗೆ ಇದೆಲ್ಲ ಸಾಧ್ಯವೇ ಎಂದು ಕೇಳುವವರುಂಟು. ಯಾವ ಆಸರೆಯೂ ಇಲ್ಲದೆ ಸ್ವರ ಕೇಳಿದೊಡನೆ ಅದರ ಹೆಸರು ಹೇಳುವ ಶಕ್ತಿ ಸಾಮಾನ್ಯವಾಗಿ ಎಳವೆಯಲ್ಲೇ ಬರಬೇಕು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕಿರುವ ದೂರವನ್ನು ಗುರುತಿಸುವುದನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು; ಹಾಡು ನುಡಿಸಲು ಬೇಕಾದದ್ದು ಇದೇ. ಮೆಕಾರ್ಟ್ನಿಯವರಿಗೆ ಸ್ವರಲಿಪಿ ಓದಲು ಬಾರದು. ಅಮೆರಿಕದ ಅರ್ವಿಂಗ್ ಬರ್ಲಿನ್ ನೂರಾರು ಹಾಡು ಕಟ್ಟಿದ್ದು ಹೆಚ್ಚಾಗಿ ಕಪ್ಪು ಮನೆಗಳ ಒಂದೇ ಶ್ರುತಿಯಲ್ಲಿ. ಬೇರೆ ಶ್ರುತಿ ಬೇಕಾದರೆ ಅವರ ವಿಶೇಷ ಪಿಯಾನೊದ ಸನ್ನೆಯೊಂದನ್ನು ಸರಿಸಬೇಕಿತ್ತು. ಇವರನ್ನು ತೋರಿಸಿ ಸ್ವರಲಿಪಿ ಬೇಡವೆಂದು ವಾದಿಸುವುದೂ ತಪ್ಪು. ಬಾಖ್‌ನ ಕೃತಿಗಳನ್ನು ನುಡಿಸಬೇಕೆನ್ನುವವರು ಲಿಪಿ ಕಲಿಯಲೇಬೇಕು.

ಪಾಪ್ ಹಾಡುಗಳಿಗೆ ನಾವು ಸೂಚಿಸುವ ಕ್ರಮ ಇಷ್ಟೇ. ಮೊದಲು ಹಾಡನ್ನು ಬಾಯಲ್ಲಿ ಗುನುಗಿ ಷಡ್ಜ ಎಲ್ಲಿದೆಯೆಂದು ಕಂಡುಕೊಳ್ಳಬೇಕು. ಆಮೇಲೆ ಧಾಟಿಯನ್ನು ಬಿಟ್ಟು ಮಂದ್ರಸ್ವರವೊಂದನ್ನೇ ಹಿಂಬಾಲಿಸಬೇಕು. ಅದು ಸಿಕ್ಕಿದ ಮೇಲೆ ಅದರ ಮೇಲಿನ ಗುಚ್ಛ, ಕೊನೆಗೆ ಧಾಟಿ. ಒಂದು ಹಾಡಿಗೆ ತಿಂಗಳು ಹಿಡಿದರೂ ಚಿಂತೆಯಿಲ್ಲ, ಎರಡನೆಯದಕ್ಕೆ ಅಷ್ಟು ಬೇಕಾಗುವುದಿಲ್ಲ.

ಹೊರನಾಡಿನ ನಮ್ಮ ಸಂಘಗಳ ಸಮಾರಂಭಗಳಲ್ಲಿ ಧ್ವನಿಮುದ್ರಿತ ಹಿನ್ನೆಲೆಯ ಹಿಂದೆ ಓಡುತ್ತಾ, ತಮ್ಮದಲ್ಲದ ಶ್ರುತಿಯಲ್ಲಿ ಹಾಡುವವರನ್ನು ಓದುಗರು ಕೇಳಿರಬಹುದು. ಆ ಯಂತ್ರ ಹಾಡುವವರಿಗಾಗಿ ಕಾಯುವುದಿಲ್ಲ, ಶ್ರುತಿಯನ್ನೂ ಕೇಳುವುದಿಲ್ಲ. ಹಾಡುವವರ ಷಡ್ಜವನ್ನು ಕೇಳಿ, ಅದರ ಕೆಳಗೆ ನಾಲ್ಕು ಗುಚ್ಛಗಳನ್ನು ಹಿಡಿಯಬಲ್ಲವರು ಒಂದೊಂದು ಸಂಘದಲ್ಲಿ ಒಬ್ಬರಿದ್ದರೂ ಸಾಕು. ಅವರು ನಲವತ್ತು ದಾಟಿದ ಮೇಲೆ ಕಲಿತವರಾಗಿದ್ದರೂ ಅಡ್ಡಿಯಿಲ್ಲ.