ಪರದೆಯ ಆಚೆ ನುಡಿಸುವ ಮಕ್ಕಳು

ಪರದೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಓದುಗರು ಒಂದು ಹಳೆಯ ಚರ್ಚೆಗೆ ಸಿದ್ಧರಾಗಿಬಿಡುತ್ತಾರೆಂದು ಬಲ್ಲೆವು. ಆ ಚರ್ಚೆ ಇಲ್ಲಿ ಬೇಡ. ನಾವು ಹೇಳಹೊರಟಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಜನವರಿಯ ಚಳಿಯಲ್ಲಿ, ಯಾವುದೋ ಶಾಲೆಯ ತರಗತಿ ಕೋಣೆಯೊಳಗೆ ಎಳೆದುಕಟ್ಟುವ ಪರದೆಯ ವಿಷಯ. ಅದರ ಒಂದು ಬದಿಗೆ ಐವರು ತೀರ್ಪುಗಾರರು. ಇನ್ನೊಂದು ಬದಿಗೆ ಕ್ಲಾರಿನೆಟ್ ಹಿಡಿದ ಹದಿನಾರರ ಹುಡುಗಿ. ಅವಳಿಗೆ ಹೆಸರಿಲ್ಲ, ಶಾಲೆಯಿಲ್ಲ, ಬಣ್ಣವಿಲ್ಲ. ಒಂದು ಸಂಖ್ಯೆ ಮಾತ್ರ ಇದೆ. ಅವಳು ಬಾಯಿ ತೆರೆದು ಒಂದು ಮಾತೂ ಆಡುವಂತಿಲ್ಲ. ಏನಾದರೂ ಸಂದೇಹವಿದ್ದರೆ ಪಕ್ಕದಲ್ಲಿರುವ ಮೇಲ್ವಿಚಾರಕರ ಕಿವಿಯಲ್ಲಿ ಉಸುರಬೇಕು. ಆ ಪ್ರಶ್ನೆಯನ್ನು ಅವರು ತಮ್ಮ ದನಿಯಲ್ಲಿ ಕೇಳುತ್ತಾರೆ. ದನಿಯಿಂದಲೂ ಗುರುತು ಸಿಗಬಾರದು ಎಂಬ ಎಚ್ಚರ.

ಇಂಥ ಕೋಣೆಗಳನ್ನು ಒಂದಾದ ಮೇಲೊಂದು ದಾಟಿ ಬಂದ ಮಕ್ಕಳು ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ ಸೇರುತ್ತಾರೆ. ಟೆಕ್ಸಾಸ್ ಸಂಗೀತ ಶಿಕ್ಷಕರ ಸಂಘದ ವಾರ್ಷಿಕ ಸಮ್ಮೇಳನ ಅದು. 1920ರಲ್ಲಿ ಬ್ಯಾಂಡ್ ಮಾಸ್ತರರ ಸಂಘವಾಗಿ ಹುಟ್ಟಿದ ಈ ಸಂಸ್ಥೆಯ ಜಾತ್ರೆಗೆ ಈಗ ಸಾವಿರ ಸಾವಿರ ಸಂಖ್ಯೆಯಲ್ಲಿ ಶಿಕ್ಷಕರು ಬರುತ್ತಾರೆ. ಕೋವಿಡ್ ಕಾಲದ 2021ರಲ್ಲಿ ಮಾತ್ರ ಅದು ಪರದೆಯ ಮೇಲೆಯೇ ನಡೆಯಿತು. ಇದು ಬೇರೆ ಪರದೆ! ವರ್ಷದ ಆರಂಭದಲ್ಲಿ ಪರೀಕ್ಷೆಗೆ ಕೂರುವ ಮಕ್ಕಳು ಹತ್ತಾರು ಸಾವಿರ. ಕೊನೆಗೆ ರಾಜ್ಯಮಟ್ಟದ ಬ್ಯಾಂಡು, ವಾದ್ಯವೃಂದ, ಗಾಯನವೃಂದಗಳಲ್ಲಿ ಜಾಗ ಸಿಗುವುದು ಸುಮಾರು ಎರಡು ಸಾವಿರದಷ್ಟು ಮಂದಿಗೆ. ಅವರು ಮೂರು ದಿನ ಹೊರಗಿನಿಂದ ಬಂದ ನಿರ್ದೇಶಕರ ಕೈಕೆಳಗೆ ತಾಲೀಮು ಮಾಡಿ ಶನಿವಾರ ಕಛೇರಿ ಕೊಡುತ್ತಾರೆ.

ನಾವು ಸ್ಯಾನ್ ಆಂಟೋನಿಯೋ ಕಂಡವರಲ್ಲ. ಕಛೇರಿಗಳ ಧ್ವನಿಮುದ್ರಣ ಕೇಳಿದ್ದೇವೆ, ನಿಯಮಗಳನ್ನು ಓದಿದ್ದೇವೆ, ಅಷ್ಟೆ. ಕೇಳಿದ್ದರ ಬಗ್ಗೆ ಮೊದಲ ಮಾತು ಹೇಳಿಬಿಡುತ್ತೇವೆ: ಶಾಲಾ ಮಕ್ಕಳು ಎಂಬ ವಿನಾಯಿತಿ ಕೊಟ್ಟು ಕೇಳಬೇಕಾದ ಸಂಗೀತ ಇದಲ್ಲ. ನೂರಕ್ಕೂ ಹೆಚ್ಚು ಮಕ್ಕಳು ಒಂದೇ ಉಸಿರಿನಲ್ಲಿ ಸದ್ದನ್ನು ತಗ್ಗಿಸಿ, ಸಭಾಂಗಣದ ನಿಶ್ಶಬ್ದ ಕೇಳುವಂತೆ ಮಾಡಬಲ್ಲರು. ನಮ್ಮ ತಕರಾರು ಸಂಗೀತದ ಬಗ್ಗೆ ಅಲ್ಲ, ಆ ಸಂಗೀತಕ್ಕೆ ಮಕ್ಕಳನ್ನು ಆರಿಸುವ ನ್ಯಾಯದ ಬಗ್ಗೆ.

ಪರದೆಯ ನ್ಯಾಯ ಸುಳ್ಳಲ್ಲ. ಅಮೆರಿಕದ ದೊಡ್ಡ ವಾದ್ಯವೃಂದಗಳು 1970ರ ದಶಕದಿಂದೀಚೆಗೆ ಪರದೆ ಕಟ್ಟಿ ವಾದಕರನ್ನು ಆರಿಸತೊಡಗಿದವು. ಹೆಜ್ಜೆ ಸಪ್ಪಳದಿಂದ ಹೆಣ್ಣೆಂದು ತಿಳಿಯಬಾರದೆಂದು ನೆಲಕ್ಕೆ ರತ್ನಗಂಬಳಿ ಹಾಸಿದ್ದೂ ಉಂಟು. ಇದರಿಂದ ಮಹಿಳೆಯರಿಗೆ ಅವಕಾಶ ಹೆಚ್ಚಿತೆಂದು ಕ್ಲಾಡಿಯಾ ಗೋಲ್ಡಿನ್ ಮತ್ತು ಸೆಸಿಲಿಯಾ ರೌಸ್ 2000ರಲ್ಲಿ ಬರೆದರು. ಗೋಲ್ಡಿನ್ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರ ಅಂಕಿಗಳು ಅಷ್ಟು ಗಟ್ಟಿಯಲ್ಲವೆಂದು ಆಮೇಲೆ ಕೆಲವರು ತಗಾದೆ ತೆಗೆದಿದ್ದಾರೆ. ಆದರೂ ಪರದೆ ಕಟ್ಟಿದ್ದೇ ತಪ್ಪೆಂದು ಅದರಿಂದ ಯಾರೂ ಹೇಳಲಾರರು.

ಆದರೆ ಕಪ್ಪು ಜನರ ವಿಷಯ ಬಂದಾಗ ಕತೆ ಬೇರೆಯಾಗುತ್ತದೆ. 1969ರಲ್ಲಿ ಅರ್ಲ್ ಮ್ಯಾಡಿಸನ್ ಮತ್ತು ಆರ್ಟ್ ಡೇವಿಸ್ ಎಂಬ ಇಬ್ಬರು ಕಪ್ಪು ವಾದಕರು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ತಮ್ಮನ್ನು ಬಣ್ಣ ನೋಡಿ ಹೊರಗಿಟ್ಟಿತೆಂದು ದೂರು ಕೊಟ್ಟರು. ಪರದೆಯ ಹಿಂದೆ ನಿಲ್ಲಿಸಿ ನಮ್ಮನ್ನು ಪರೀಕ್ಷಿಸಿ ನೋಡಿ ಎಂದು ಕೇಳಿದವರು ಅವರು. ಆಗ ಆ ವೃಂದದಲ್ಲಿದ್ದ ಕಪ್ಪು ವಾದಕ ಒಬ್ಬನೇ. ಅರ್ಧ ಶತಮಾನ ಕಳೆದು 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕ ಆಂಥನಿ ಟೊಮಾಸಿನಿ ಲೆಕ್ಕ ಹಾಕಿದಾಗಲೂ ಒಬ್ಬನೇ. ಹೀಗಾಗಿ ಪರದೆಯನ್ನು ಕಿತ್ತುಹಾಕಿ ಎಂದು ಅವರು ಬರೆದರು. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಹೆಸರು ನೋಡಿದೊಡನೆ ಅರ್ಜಿ ಪಕ್ಕಕ್ಕೆ ಸರಿಯುವುದನ್ನು, ಹೆಸರು ಕೇಳಿದೊಡನೆ ಬಾಡಿಗೆ ಮನೆ ಇಲ್ಲವಾಗುವುದನ್ನು ಕಂಡ ಸಮುದಾಯದವರು ನಾವು. ಹೆಸರು ಕಾಣದ ಹತ್ತು ನಿಮಿಷದ ಬೆಲೆ ನಮಗೆ ಗೊತ್ತು. ಪರದೆ ಇರಲಿ. ಆದರೆ ಪರದೆ ಕಟ್ಟಿದೆವು, ನಮ್ಮ ಕೈ ಶುದ್ಧವಾಯಿತು ಎಂದು ಯಾರಾದರೂ ಹೇಳಿದರೆ ಅಲ್ಲಿ ತಡೆದು ಕೇಳಬೇಕಾಗುತ್ತದೆ.

ಏಕೆಂದರೆ ಪರದೆ ಮುಖವನ್ನು ಮರೆಮಾಡುತ್ತದೆಯೇ ಹೊರತು ವಾದ್ಯವನ್ನಲ್ಲ. ಒಳ್ಳೆಯ ಮರದ ಕ್ಲಾರಿನೆಟ್ಟಿಗೂ ಅಗ್ಗದ ಪ್ಲಾಸ್ಟಿಕ್ ಕ್ಲಾರಿನೆಟ್ಟಿಗೂ ಇರುವ ಅಂತರ ತೀರ್ಪುಗಾರರ ಕಿವಿಗೆ ತಲುಪದೆ ಇರುವುದೇ? ಬಸೂನ್ ಎಂಬ ಉದ್ದನೆಯ ಮರದ ವಾದ್ಯವಂತೂ ಕಾರಿನ ಬೆಲೆಗೆ ಸಮ. ಅದನ್ನು ಕೊಳ್ಳಬಲ್ಲ ಶಾಲೆ ಬೇರೆ, ಕೊಳ್ಳಲಾರದ ಶಾಲೆ ಬೇರೆ. ಪರೀಕ್ಷೆಯ ಪಾಠಗಳನ್ನು ಬೇಸಿಗೆಯಲ್ಲೇ ಪ್ರಕಟಿಸುತ್ತಾರೆ, ಎಲ್ಲರಿಗೂ ಅವೇ ಪಾಠ. ಕ್ಲಾರಿನೆಟ್ ಮಕ್ಕಳು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗುರು ಸಿರಿಲ್ ರೋಸ್‌ನ ಅಭ್ಯಾಸಗಳನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ. ಆದರೆ ತಿದ್ದುವವರು ಯಾರು? ಸ್ಥಿತಿವಂತರ ಬಡಾವಣೆಗಳ ಶಾಲೆಗಳಲ್ಲಿ ಪ್ರತಿ ವಾದ್ಯಕ್ಕೂ ಖಾಸಗಿ ಗುರುಗಳು ಶಾಲೆಗೇ ಬಂದು, ಒಬ್ಬೊಬ್ಬ ಮಗುವನ್ನೂ ಪಕ್ಕದ ಕೋಣೆಗೆ ಕರೆದು ಪಾಠ ಹೇಳುತ್ತಾರೆ. ಅದಕ್ಕೆ ಶುಲ್ಕವುಂಟು. ಗಡಿಯ ಕಡೆಯ ಬಡ ಊರಿನಲ್ಲಿ ಒಬ್ಬನೇ ಬ್ಯಾಂಡ್ ಮಾಸ್ತರ ಕೊಳಲಿನಿಂದ ಟ್ಯೂಬಾದವರೆಗೆ ಎಲ್ಲವನ್ನೂ ತಾನೇ ಕಲಿಸಬೇಕು. ಪರದೆಯ ಆಚೆ ಎರಡೂ ಮಕ್ಕಳು ಒಂದೊಂದು ಸಂಖ್ಯೆ. ಜುಲೈಯಿಂದ ಜನವರಿಯವರೆಗೆ ಅವರು ಹಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಟೆಕ್ಸಾಸಿನವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿ ಬ್ಯಾಂಡ್ ಎನ್ನುವುದು ಸಂಜೆಯ ಹವ್ಯಾಸವಲ್ಲ, ವೇಳಾಪಟ್ಟಿಯೊಳಗಿನ ಪಾಠ. ಗಣಿತ, ಇತಿಹಾಸದ ಹಾಗೆ ಅದಕ್ಕೂ ಅಂಕ. 1984ರಲ್ಲಿ ಆ ರಾಜ್ಯ ಒಂದು ಕಾಯ್ದೆ ತಂದಿತು: ಯಾವುದೇ ವಿಷಯದಲ್ಲಿ ನಪಾಸಾದ ವಿದ್ಯಾರ್ಥಿ ಕೆಲ ವಾರ ಆಟದ ಅಂಗಳಕ್ಕಾಗಲಿ, ಸ್ಪರ್ಧೆಯ ವೇದಿಕೆಗಾಗಲಿ ಇಳಿಯುವಂತಿಲ್ಲ. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ನಾಡಿನಲ್ಲಿ ದೊಡ್ಡ ಗಲಾಟೆಯಾಯಿತು. ಬ್ಯಾಂಡಿನ ಮಕ್ಕಳಿಗೂ ಅದೇ ನಿಯಮ. ನಮಗಂತೂ ಈ ಕಾಯ್ದೆಯಲ್ಲಿ ಒಳಿತು ಅರ್ಧ, ಕೆಡುಕು ಅರ್ಧ ಕಾಣುತ್ತದೆ. ಬೀಜಗಣಿತದಲ್ಲಿ ಸೋತ ಹುಡುಗನನ್ನು ಶಾಲೆಗೆ ಬರಿಸುತ್ತಿದ್ದುದು ಆ ಟ್ರಂಬೋನ್ ಒಂದೇ ಆಗಿದ್ದರೆ?

ಸಮ್ಮೇಳನದ ಅತಿ ದೊಡ್ಡ ಭಾಗ ಅಂಗಡಿಸಾಲು. ವಾದ್ಯ ತಯಾರಕರು, ಸ್ವರಲಿಪಿ ಪ್ರಕಾಶಕರು, ಸಮವಸ್ತ್ರ ಹೊಲಿಯುವವರು, ಬ್ಯಾಂಡಿಗೆ ಚಂದಾ ಎತ್ತಲು ಮಕ್ಕಳ ಕೈಯಲ್ಲಿ ಮಾರಿಸುವ ತಿಂಡಿಯ ವ್ಯಾಪಾರಿಗಳು. ಆ ಮಾರುಕಟ್ಟೆಯಲ್ಲಿ ಒಂದು ಹೆಸರು ನಮ್ಮನ್ನು ನಿಲ್ಲಿಸಿತು: ಜಿಲ್ಜಿಯನ್. ಅಮೆರಿಕದ ಶಾಲಾ ಬ್ಯಾಂಡುಗಳಲ್ಲಿ ಬಡಿಯುವ ಕಂಚಿನ ತಾಳಗಳ ಮೇಲೆ, ಅಂದರೆ ನಮ್ಮ ಮನೆಮಾತಿನ ಝಾಂಜ್‌ನ ಮೇಲೆ, ಅಚ್ಚಾಗಿರುವ ಹೆಸರು. ತುರ್ಕಿ ಭಾಷೆಯಲ್ಲಿ ಜಿಲ್ ಎಂದರೆ ತಾಳ, ಜಿಲ್ಜಿ ಎಂದರೆ ತಾಳ ಮಾಡುವವನು. ಈ ಅರ್ಮೇನಿಯನ್ ಕ್ರೈಸ್ತ ಮನೆತನ ಹದಿನೇಳನೆಯ ಶತಮಾನದಲ್ಲಿ ಇಸ್ತಾಂಬುಲ್‌ನಲ್ಲಿ ಉಸ್ಮಾನಿ ಸುಲ್ತಾನರ ಮೆಹ್ತರ್ ಪಡೆಗೆ ತಾಳ ಎರಕ ಹೊಯ್ಯುತ್ತಿತ್ತು. 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ತೆರೆಯಿತು.

ಮೆಹ್ತರ್ ಎಂದರೆ ಸುಲ್ತಾನರ ಸೇನಾ ವಾದ್ಯಮೇಳ. ದೊಡ್ಡ ನಗಾರಿ, ತಾಳ, ಜುರ್ನಾ. ಅದರ ಅಬ್ಬರಕ್ಕೆ ಬೆದರಿದ ಯುರೋಪು ಆಮೇಲೆ ಅದನ್ನೇ ತನ್ನದಾಗಿಸಿಕೊಂಡಿತು. ಮೊಜಾರ್ಟ್ 1782ರ ತನ್ನ ಒಪೆರಾದಲ್ಲಿ, ಬೀಥೋವನ್ ತನ್ನ ಒಂಬತ್ತನೆಯ ಸಿಂಫನಿಯಲ್ಲಿ ಈ ತುರ್ಕಿ ಸದ್ದನ್ನು ತಂದರು. ಸೇನಾ ಬ್ಯಾಂಡುಗಳಿಗೆ ದೊಡ್ಡ ಡೋಲು ಮತ್ತು ತಾಳ ಬಂದದ್ದೂ ಇದೇ ದಾರಿಯಲ್ಲಿ. ವಿಚಿತ್ರವೆಂದರೆ 1826ರಲ್ಲಿ ಸುಲ್ತಾನ್ ಎರಡನೆಯ ಮಹಮೂದ್ ಜಾನಿಸರಿ ಪಡೆಯ ಜೊತೆಗೆ ಮೆಹ್ತರನ್ನೂ ಮುಚ್ಚಿದರು. ಎರಡು ವರ್ಷದ ನಂತರ ಇಟಲಿಯಿಂದ ಜ್ಯೂಸೆಪ್ಪೆ ದೋನಿಜೆತ್ತಿಯನ್ನು ಕರೆಸಿ ಯುರೋಪಿನ ಮಾದರಿಯ ಬ್ಯಾಂಡ್ ಕಟ್ಟಿಸಿದರು. ತಮ್ಮ ಮನೆಯಿಂದ ಹೋದದ್ದನ್ನು ಪರರ ಮನೆಯಿಂದ ಬೆಲೆ ಕೊಟ್ಟು ತಂದಂತೆ. ಸಂಗೀತ ಹರಾಮೋ ಹಲಾಲೋ ಎಂದು ನಮ್ಮಲ್ಲಿ ವಾದ ನಡೆಯುತ್ತಿರುವಾಗಲೂ ಸಂಗೀತ ತನ್ನ ಪಾಡಿಗೆ ಊರೂರು ತಿರುಗುತ್ತಲೇ ಇತ್ತು.

ಈ ನೆನಪು ಬಂದದ್ದಕ್ಕೆ ಕಾರಣವಿದೆ. ಯಾವ ವಾದ್ಯ ಶಾಸ್ತ್ರೀಯ, ಯಾವುದು ಬೀದಿಯದು ಎಂಬುದನ್ನು ಕಾಲ ತೀರ್ಮಾನಿಸುತ್ತದೆ, ಅಧಿಕಾರ ತೀರ್ಮಾನಿಸುತ್ತದೆ. ಸ್ಯಾನ್ ಆಂಟೋನಿಯೋ ಮೆಕ್ಸಿಕನ್ ಮೂಲದವರ ನಗರ. ಮದುವೆಗೆ, ಹುಟ್ಟುಹಬ್ಬಕ್ಕೆ, ಸಾವಿಗೆ ನುಡಿಸುವ ಮರಿಯಾಚಿ ಅವರ ಮೇಳ. ಬೆಲ್ ಓರ್ಟಿಸ್ ಎಂಬ ಶಿಕ್ಷಕಿ 1970ರ ಸುಮಾರಿಗೆ ಅದೇ ನಗರದ ಸರ್ಕಾರಿ ಶಾಲೆಗೆ ಮರಿಯಾಚಿಯನ್ನು ಪಾಠವಾಗಿ ತಂದರು. ಈಗ ಟೆಕ್ಸಾಸಿನಲ್ಲಿ ಅದಕ್ಕೆ ರಾಜ್ಯಮಟ್ಟದ ಸ್ಪರ್ಧೆಯೂ ಇದೆ, ಸಮ್ಮೇಳನದಲ್ಲಿ ಅದರ ತರಬೇತಿಯೂ ನಡೆಯುತ್ತದೆ. ಆದರೆ ದಶಕಗಳ ಕಾಲ ಆ ಸಮ್ಮೇಳನದ ಪೀಠಗಳೆಲ್ಲ ಯುರೋಪಿನ ವಾದ್ಯಗಳಿಗೇ ಮೀಸಲಾಗಿದ್ದವು. ಟ್ರಂಪೆಟ್ ಎರಡೂ ಕಡೆ ಉಂಟು. ಅಜ್ಜನ ಮೇಳದಲ್ಲಿ ಟ್ರಂಪೆಟ್ ಕಲಿತ ಹುಡುಗ ಪರದೆಯ ಆಚೆ ನಿಂತು ತನ್ನ ಓಣಿಯ ಆ ನಡುಕದ ಸ್ವರದಲ್ಲಿ ಊದಿದರೆ ಐವರು ತೀರ್ಪುಗಾರರು ಅದನ್ನು ಶೈಲಿ ಎಂದು ಕೇಳುವರೇ, ತಪ್ಪು ಎಂದು ಕೇಳುವರೇ? ಪರದೆ ಕಣ್ಣಿಗೆ ಕಟ್ಟಿದ್ದು. ಕಿವಿಯೂ ಒಂದು ಶಾಲೆಯಲ್ಲಿ ಕಲಿತೇ ಬಂದಿರುತ್ತದೆ.

ಸಮ್ಮೇಳನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶನಿವಾರದ ಕಛೇರಿಯ ಬಳಿ ನಿಲ್ಲುತ್ತಾರೆ. ನಮ್ಮ ಕುತೂಹಲ ಸೋಮವಾರದ್ದು. ಬಂದ ಮಾಸ್ತರರಲ್ಲಿ ಬಹಳ ಮಂದಿಯ ಒಬ್ಬ ವಿದ್ಯಾರ್ಥಿಯೂ ಆಯ್ಕೆಯಾಗಿರುವುದಿಲ್ಲ. ಅವರು ತಮ್ಮದೇ ರಜೆಯಲ್ಲಿ ಬಂದು, ಕೊಠಡಿಗಳಲ್ಲಿ ಕೂತು, ಹೊಸದಾಗಿ ತುಟಿ ಇಡುವ ಮಗುವಿಗೆ ಉಸಿರು ಹೇಳಿಕೊಡುವುದು ಹೇಗೆ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾರೆ. ಟೆಕ್ಸಾಸಿನಲ್ಲಿ ಆರನೆಯ ತರಗತಿಗೆ ಬ್ಯಾಂಡ್ ಶುರು. ಕ್ಲಾರಿನೆಟ್ಟಿನವರಿಗೆ ಒಂದು ತರಗತಿ, ಕೊಳಲಿನವರಿಗೆ ಇನ್ನೊಂದು. ಸೋಮವಾರ ಬೆಳಿಗ್ಗೆ ಮಾಸ್ತರರು ಬಾಗಿಲು ತೆರೆದಾಗ ಹನ್ನೊಂದು ವರ್ಷದ ಮಕ್ಕಳು ಪೆಟ್ಟಿಗೆ ಬಿಚ್ಚಿ, ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಬಾತುಕೋಳಿಯ ಹಾಗೆ ಕಿರುಚುವ ಮೊದಲ ಸ್ವರ ಊದುತ್ತಿರುತ್ತಾರೆ. ಆ ಕೋಣೆಯಲ್ಲಿ ಪರದೆ ಇಲ್ಲ. ಪ್ರತಿ ಮಗುವಿನ ಹೆಸರೂ ಮಾಸ್ತರರಿಗೆ ಗೊತ್ತು, ಯಾರ ಪೆಟ್ಟಿಗೆಯ ಕೊಂಡಿ ಮುರಿದಿದೆ ಎಂಬುದೂ.